ಮೂಗು ಸತ್ತವರ ಮನೆ

ಕೊರೊನಾ ಕಾಲದಲ್ಲಿ ಚಿಕ್ಕೋಡಿಯ ನಮ್ಮ ಓಣಿಯ ಮನೆಮನೆಗೂ ಉಗಿ ತೆಗೆದುಕೊಳ್ಳುವ ಪ್ಲಾಸ್ಟಿಕ್ ಯಂತ್ರ ಬಂದಿತ್ತು. ಒಬ್ಬರು ಅದಕ್ಕೆ ಅಜವಾನ ಹಾಕಿ ಎನ್ನುವವರು, ಇನ್ನೊಬ್ಬರು ಒಣಗಿದ ತುಳಸಿ ಹಾಕಿ ಎನ್ನುವವರು, ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬಿ ಬೇವಿನ ತೊಗಟೆಯನ್ನು ಕುದಿಸಿಕೊಂಡವರೂ ಇದ್ದರು. ಈಗ ಔಷಧಿ ಅಂಗಡಿಯಲ್ಲಿ ಒಣಗಿದ ಗಿಡಮೂಲಿಕೆಯ ಪುಡಿ ಚಂದದ ಪೊಟ್ಟಣದಲ್ಲಿ ಸಿಗುತ್ತದೆ. ಪಕ್ಕದ ಮನೆಯಾಕೆ ಒಮ್ಮೆ ಒಂದು ಪೊಟ್ಟಣ ತಂದು ನನ್ನ ಕೈಯಲ್ಲಿಟ್ಟು, ದಮ್ಮಿನವರಿಗೆ ಭಾಳ ಚಲೋರಿ ಎಂದಳು. ನಾನು ಅದನ್ನು ವಾಪಸು ಕೊಟ್ಟೆ. ನಯವಾಗಿ ಕೊಡಬೇಕಿತ್ತು, ಕೊಡಲಿಲ್ಲ. ಆ ಯಂತ್ರದಲ್ಲಿ ನೀರು ಗುಳುಗುಳು ಎನ್ನುವ ಸದ್ದು ಕೇಳಿದರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ. ಅದಕ್ಕೆ ತುಳಸಿಯ ವಾಸನೆಯೂ ಸೇರಿಬಿಟ್ಟರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಯಾಕೆಂದು ಕೇಳಿದವರಿಗೆ ಏನೋ ಒಂದು ಹೇಳಿ ಸಾಗಹಾಕುತ್ತೇನೆ, ಏಕೆಂದರೆ ನಿಜ ಹೇಳಬೇಕಾದರೆ ನಿಪ್ಪಾಣಿಯ ನಮ್ಮ ಮನೆಯಿಂದ ಶುರುಮಾಡಬೇಕಾಗುತ್ತದೆ.

ಆ ಮನೆಯಲ್ಲಿ ರಸ್ತೆಗೆ ಹತ್ತಿಕೊಂಡು ಒಂದು ಪಡಸಾಲೆ, ಅದರ ಹಿಂದೆ ಕಿಟಕಿಯಿಲ್ಲದ ನಡುಮನೆ, ಕೊನೆಗೆ ಅಡುಗೆಮನೆ. ಪಡಸಾಲೆಯಲ್ಲಿ ಬಾಗಿಲ ಬೆಳಕಿಗೆ ಮುಖ ಮಾಡಿ ನನ್ನ ಆಯಿ, ಅಂದರೆ ಅಪ್ಪನ ತಾಯಿ, ಬೀಡಿ ಕಟ್ಟುತ್ತ ಕೂತಿರುತ್ತಿದ್ದಳು. ತೊಡೆಯ ಮೇಲೆ ಬಿದಿರಿನ ಸೂಪು, ಅಂದರೆ ಬೇರೆ ಊರಲ್ಲಿ ಜೋಳ ಹಸನು ಮಾಡುವ ಮೊರ. ನಮ್ಮಲ್ಲಿ ಮಾತ್ರ ಅದರಲ್ಲಿ ಒಂದು ಕಡೆ ಕತ್ತರಿಸಿದ ಎಲೆ, ಇನ್ನೊಂದು ಕಡೆ ತಂಬಾಕಿನ ಪುಡಿ. ಅಡುಗೆ ಮುಗಿಸಿ ಅವ್ವನೂ ಬಂದು ಅವಳ ಎದುರಿಗೆ ತನ್ನ ಸೂಪು ಇಟ್ಟುಕೊಳ್ಳುತ್ತಿದ್ದಳು. ತಂಬಾಕಿಗೆ ಮಳೆಗಾಳಿಯ ತಂಪು ಹತ್ತಬಾರದೆಂದು ಚೀಲಗಳನ್ನು ನಡುಮನೆಯಲ್ಲಿ ಗೋಡೆಗೆ ಒಟ್ಟುತ್ತಿದ್ದರು, ನಾವು ಅವುಗಳ ಬಗಲಿಗೇ ಹಾಸಿಗೆ ಹಾಸುತ್ತಿದ್ದೆವು. ದೇವರ ಪಟದ ಗಾಜಿನ ಮೇಲೆ, ನೀರಿನ ಕೊಡದ ಕಂಠದ ಮೇಲೆ, ನನ್ನ ಸಾಲೆಯ ಚೀಲದ ಮೇಲೆ ಕಂದು ಧೂಳು ಕೂತಿರುತ್ತಿತ್ತು. ಅಪ್ಪ ಚಿಕ್ಕೋಡಿ, ಅಂಕಲಿ ಕಡೆಗೆ ಟೆಂಪೋ ಹೊಡೆಯುತ್ತಿದ್ದ. ಅವನು ಮನೆಗೆ ಬಂದವನೇ ಹಾಸಿಗೆ ಕೊಡವಿ ಮಲಗುವವನು, ಅಷ್ಟೇ ಅವನ ಸಂಸಾರ.

ಆ ತಂಬಾಕಿನ ವಾಸನೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೊರಗಿನವರು ನಮ್ಮ ಓಣಿಗೆ ಕಾಲಿಟ್ಟ ಕೂಡಲೇ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು, ನಾವು ಅವರನ್ನು ನೋಡಿ ನಗುತ್ತಿದ್ದೆವು. ಬೇರೆ ಸೀಮೆಯಿಂದ ಸೊಸೆಯಾಗಿ ಬಂದ ಹುಡುಗಿಯರು ಮೊದಮೊದಲು ಸೀನಿ ಸೀನಿ ಸಾಕಾಗುತ್ತಿದ್ದರು. ಸೊಸೆ ಹೊಂದಿಕೊಂಡಳೇ ಎಂದು ನಮ್ಮ ಓಣಿಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಸೊಸಿ ಮೂಗ ಸತ್ತತೇನ್ರಿ ಎಂದು ಕೇಳುತ್ತಿದ್ದರು. ನನ್ನ ಅವ್ವ ಅಥಣಿ ಕಡೆಯ ತೆಲಸಂಗದವಳು, ಬಿಳಿಜೋಳದ ಒಣ ನೆಲದಿಂದ ಬಂದವಳು. ಅವಳು ಒಂದು ಇಡೀ ದಿನ ಸೀನದೆ ಬೀಡಿ ಕಟ್ಟಿದ ದಿನ ಆಯಿ ಅಕ್ಕಪಕ್ಕದ ಮನೆಗೆ ಸಕ್ಕರೆ ಹಂಚಿದ್ದಳಂತೆ. ಈ ಕಥೆಯನ್ನು ಆಯಿ ಎಲ್ಲರ ಮುಂದೆ ಅಭಿಮಾನದಿಂದ ಹೇಳುತ್ತಿದ್ದಳು, ಅವ್ವ ತಲೆ ತಗ್ಗಿಸಿ ನಗುತ್ತಿದ್ದಳು. ನಾನು ಹುಟ್ಟಿದ್ದು ಅಲ್ಲೇ ಆದ್ದರಿಂದ ನನ್ನ ಮೂಗಿಗೆ ಯಾರೂ ಸಕ್ಕರೆ ಹಂಚಲಿಲ್ಲ.

ನನಗೆ ದಮ್ಮು ಯಾವಾಗ ಹತ್ತಿತೋ ನೆನಪಿಲ್ಲ. ನೆನಪಿರುವುದು ಆಯಿಯ ಎದೆ. ಉಸಿರು ಒಳಗೂ ಹೋಗದೆ ಹೊರಗೂ ಬರದೆ ಗಂಟಲಲ್ಲಿ ಸಿಕ್ಕಿಕೊಂಡಾಗ ಮಲಗಲು ಆಗುತ್ತಿರಲಿಲ್ಲ. ಆಯಿ ಕಾಲು ಚಾಚಿ ಗೋಡೆಗೆ ಒರಗಿ, ನನ್ನನ್ನು ಎದೆಗೆ ಆನಿಸಿಕೊಂಡು ಕೂರಿಸಿ, ಬೆನ್ನನ್ನು ಮೇಲಿಂದ ಕೆಳಗೆ ತೀಡುತ್ತಿದ್ದಳು. ಎಲೆ ಮಡಚಿ ಮಡಚಿ ಗಡುಸಾದ ಅಂಗೈ ಅದು, ಅಂಗಿಯ ಮೇಲೆ ಪರಪರ ಸದ್ದು ಮಾಡುತ್ತಿತ್ತು. ಆ ಸದ್ದಿಗೆ ನನ್ನ ಉಸಿರು ತಾನಾಗಿ ಹೊಂದಿಕೊಳ್ಳುತ್ತಿತ್ತು. ಅವ್ವ ನನ್ನನ್ನು ಎತ್ತಿಕೊಂಡರೆ ನಾನು ಅಳುತ್ತಿದ್ದೆನಂತೆ, ಆಯಿ ಬೇಕು ಎನ್ನುತ್ತಿದ್ದೆನಂತೆ. ಅವ್ವನಿಗೆ ಅದರಿಂದ ಎಷ್ಟು ನೋವಾಗಿರಬೇಕು ಎಂಬುದು ನನಗೆ ನನ್ನ ಮಗಳು ಹುಟ್ಟಿದ ಮೇಲೆ ತಿಳಿಯಿತು.

ಚಿಕ್ಕೋಡಿಯ ಡಾಕ್ಟರು ನನ್ನ ಎದೆ ಬೆನ್ನು ಎರಡೂ ನೋಡಿ ಗುಳಿಗೆ ಕೊಟ್ಟರು. ಜೊತೆಗೆ ನೆಗಡಿ ಕಟ್ಟಿದಾಗ ಬರೀ ನೀರಿನ ಉಗಿ ಕೊಡಿ, ಮತ್ತೇನೂ ಹಾಕಬೇಡಿ ಎಂದರು. ಅಪ್ಪ ಬರುವಾಗ ಯಂತ್ರ ಕೊಂಡು ತಂದ. ತಿಳಿನೀಲಿ ಬಣ್ಣದ ಪ್ಲಾಸ್ಟಿಕ್ಕು, ಮೇಲೆ ಮೂಗು ಬಾಯಿ ಮುಚ್ಚುವಂಥ ಮುಖವಾಡ, ಮುಚ್ಚಳದ ಒಳಗೆ ಒಂದು ಪುಟ್ಟ ಬಟ್ಟಲು. ಓಣಿಯ ಹೆಂಗಸರು ಬಂದು ನೋಡಿ ಹೋದರು. ಆಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಆ ಬಟ್ಟಲ ಮೇಲೆ ಬೆರಳಿಟ್ಟಳು.

"ಇದ ಯಾಕೈತೋ?"

"ಔಷಧ ಹಾಕಾಕಂತ ಬೇ. ನಮಗ ಬ್ಯಾಡ. ಡಾಕ್ಟರ್ ಬರೇ ನೀರ ಹಾಕ್ರಿ ಅಂದಾರ."

"ಬರೇ ನೀರಿನ ಉಗಿಯಿಂದ ದಮ್ಮ ಹೋಗಿದ್ರ ಅನ್ನಾ ಬಸಿಯೋರಿಗೆ ಯಾರಿಗೂ ದಮ್ಮ ಇರ್ತಿದ್ದಿಲ್ಲ. ಕಂಪನಿಯವ್ರು ಈ ಬಟ್ಲಾ ಸುಮ್ಮನ ಕೊಟ್ಟಾರೇನು? ಅವ್ರಿಗೆ ಬುದ್ಧಿ ಇಲ್ಲಾ?"

ಅಪ್ಪ ಹಾಸಿಗೆ ಕೊಡವಿ ಮಲಗಿದ. ಮರುದಿನವೇ ಆಯಿ ಗಾವಠಿ ಔಷಧಕ್ಕೆ, ಅಂದರೆ ಹಳ್ಳಿಮದ್ದಿಗೆ, ತೊಡಗಿದಳು. ಹಿತ್ತಲ ತುಳಸಿ, ಕಾಲುವೆ ದಂಡೆಯ ಆಡುಸೋಗೆ, ಯಾರದೋ ಹೊಲದ ಬದುವಿನ ನೀಲಗಿರಿ, ಎಲ್ಲದರ ಎಲೆ ಬಿಡಿಸಿ ತಂದಳು. ಹಸಿ ಎಲೆಯಲ್ಲಿ ಕಸುವಿಲ್ಲ, ಒಣಗಿದ ಮೇಲೇ ಎಲೆಗೆ ತಾಕತ್ತು ಎಂಬುದು ಅವಳ ನಂಬಿಕೆ. ತಂಬಾಕಿನೂರಿನವಳು ಮತ್ತೆ ಹೇಗೆ ಯೋಚಿಸುತ್ತಾಳೆ? ಎಲೆಗಳನ್ನು ಬಿಸಿಲಿಗೆ ಒಣಗಿಸಿ, ಎರಡೂ ಅಂಗೈಯಲ್ಲಿ ತಿಕ್ಕಿ ಪುಡಿಮಾಡಿ, ಬಟ್ಟಲು ತುಂಬಿ ಮುಚ್ಚಳ ಹಾಕುತ್ತಿದ್ದಳು. ಮೇಲೆ ಕೌದಿ ಹೊದಿಸಿ ನನ್ನನ್ನು ಅದರೊಳಗೆ ಕೂರಿಸುತ್ತಿದ್ದಳು.

ಕೌದಿಯ ಒಳಗೆ ಕತ್ತಲು, ಬಿಸಿ, ಗುಳುಗುಳು ಸದ್ದು. ಮೊದಲು ತುಳಸಿಯ ವಾಸನೆ ಬರುತ್ತಿತ್ತು, ಹಿಂದಿನಿಂದ ನೀಲಗಿರಿ ಮೂಗನ್ನು ಚುರುಗುಡಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಯಲ್ಲಿ ನೀರು ಕಿತ್ತುಕೊಂಡು ಬರುತ್ತಿತ್ತು. ಕೈಕಾಲು ತಣ್ಣಗಾಗಿ ಹಣೆಯಲ್ಲಿ ಬೆವರು ಒಡೆಯುತ್ತಿತ್ತು. ಕೌದಿ ಸರಿಸಿ ಎದ್ದರೆ ಗೋಡೆಗಳು ತಿರುಗುತ್ತಿದ್ದವು, ಬಚ್ಚಲಿಗೆ ಹೋಗುವಷ್ಟರಲ್ಲಿ ವಾಂತಿ. ಆಯಿ ನನ್ನ ಹಣೆ ಹಿಡಿದು ನಿಂತು ಸಂತೋಷದಿಂದ ಕೂಗುತ್ತಿದ್ದಳು.

"ನೋಡ ಸುರೇಖಾ, ಕಫಾ ಹೆಂಗ ಕಿತ್ತು ಬರಾಕತ್ತೈತಿ! ಡಾಕ್ಟರ್ ಗುಳಗಿಗೆ ಬಂದಿತ್ತೇನು ಹಿಂಗ?"

ಸುರೇಖಾ ಎಂದರೆ ನನ್ನ ಅವ್ವ. ಅವಳಿಗೆ ಇದು ಸರಿಬರಲಿಲ್ಲ. ನಾನು ಬಡಕಲಾಗುತ್ತಿದ್ದೆ, ಊಟ ಕಂಡರೆ ಮುಖ ತಿರುಗಿಸುತ್ತಿದ್ದೆ, ದಮ್ಮು ಮಾತ್ರ ಇದ್ದಲ್ಲೇ ಇತ್ತು. ಒಂದು ಮಧ್ಯಾಹ್ನ, ತಟ್ಟೆಯಲ್ಲಿ ನಾನು ಮುಟ್ಟದೆ ಬಿಟ್ಟ ಅನ್ನ ನೋಡಿ ಅವ್ವ ಬಾಯಿಬಿಟ್ಟಳು.

"ಅತ್ತಿ, ಇನ್ನ ಆ ಔಷಧ ಸಾಕ ಮಾಡ್ರಿ. ಕೂಸಿಗೆ ಒಗ್ಗವಲ್ದು."

"ಒಗ್ಗವಲ್ದು ಅಂತ ನಿನಗ ಯಾರ ಹೇಳಿದ್ರು?"

"ಯಾರ ಹೇಳಬೇಕ್ರಿ? ನಾ ಆಕಿ ಅವ್ವ ಅದೀನಿ."

"ಅವ್ವ ಅದೀ ಅಂದ್ರ ರಾತ್ರೆಲ್ಲಾ ನೀ ಹೊತಗೊಂಡ ಕುಂದ್ರಬೇಕಾಗಿತ್ತಲ್ಲ. ನನ್ನ ಎದಿ ಯಾಕ ಬೇಕು ಆಕಿಗೆ?"

ಅವ್ವ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ದಿನದಿಂದ ಅವರಿಬ್ಬರೂ ಎದುರುಬದುರು ಕೂತು ಬೀಡಿ ಕಟ್ಟುತ್ತಿದ್ದರು, ಆದರೆ ಒಬ್ಬರ ದಾರದ ಉಂಡೆ ಇನ್ನೊಬ್ಬರ ಕಡೆ ಉರುಳಿದರೂ ಎತ್ತಿಕೊಡುತ್ತಿರಲಿಲ್ಲ. ನನ್ನ ಉಸಿರು ಅವರಿಬ್ಬರ ಜಗಳದ ವಸ್ತುವಾಗಿತ್ತು. ದಮ್ಮು ಹತ್ತಿದರೆ ಅವ್ವ ಗೆದ್ದಂತೆ, ಹತ್ತದಿದ್ದರೆ ಆಯಿ ಗೆದ್ದಂತೆ. ನನಗೆ ಭಯವಾಗುತ್ತಿತ್ತು. ಉಸಿರು ಕಟ್ಟಿದರೂ ಆದಷ್ಟು ಸದ್ದು ಮಾಡದೆ ಉಸಿರಾಡಲು ಕಲಿತೆ.

ತೆಲಸಂಗದಿಂದ ಅವ್ವನ ತಾಯಿ ಬಂದದ್ದು ಆಗ. ಅವಳನ್ನು ನಾನು ಅಮ್ಮ ಎನ್ನುತ್ತಿದ್ದೆ. ಬರುವಾಗ ಅವಳೂ ಎಲ್ಲರಂತೆ ಸೆರಗನ್ನು ಮೂಗಿಗೆ ಹಿಡಿದೇ ಬಂದಳು, ಆದರೆ ಹೊಸ್ತಿಲ ಬಳಿ ಬೀಗತಿಯನ್ನು ಕಂಡ ಕೂಡಲೇ ಮರ್ಯಾದೆಗಾಗಿ ಸೆರಗು ಬಿಟ್ಟಳು. ಬೀಗತಿಯರ ಮಾತು ಕೇಳಲು ಬಲು ಚಂದ. ಒಬ್ಬರ ಮೇಲೆ ಒಬ್ಬರಿಗೆ ಎಷ್ಟೇ ಕೋಪವಿದ್ದರೂ ಪ್ರತಿ ಮಾತಿನ ಕೊನೆಗೂ 'ರಿ' ಬರಲೇಬೇಕು. ಚಹಾ ಆಯಿತು, ಜೋಳದ ಬೆಳೆಯ ಮಾತಾಯಿತು. ಅಷ್ಟರಲ್ಲಿ ನನಗೆ ಉಗಿ ಕೊಡುವ ಹೊತ್ತಾಗಿ ಆಯಿ ಯಂತ್ರ ಹಚ್ಚಿ, ಕೌದಿ ಹಿಡಿದು ನನ್ನನ್ನು ಕರೆದಳು. ಅಮ್ಮ ಪಕ್ಕಕ್ಕೆ ಬಂದು ಕೂತವಳು, ಉಗಿ ಏಳುತ್ತಿದ್ದಂತೆ ಮೂಗು ಅರಳಿಸಿದಳು.

"ಬೀಗತಿ, ಇದರಾಗ ಏನ ಹಾಕೀರಿ?"

"ತುಳಸಿ, ಆಡಸೋಗಿ, ನೀಲಗಿರಿರಿ. ಶುದ್ಧ ಗಾವಠಿ."

"ತಂಬಾಕ ನಾರತೈತಲ್ರಿ."

ಆಯಿಯ ಕೈಯಲ್ಲಿದ್ದ ಕೌದಿ ಹಾಗೇ ನಿಂತಿತು. ಹೊರಗಿನವರು ನಿಪ್ಪಾಣಿಯ ಮನೆಯೊಳಗೆ ಕೂತು ತಂಬಾಕು ನಾರುತ್ತದೆ ಎನ್ನುವುದು, ಊಟಕ್ಕೆ ಕರೆದವರ ಅನ್ನವನ್ನು ಹಳಿದಂತೆ.

"ನಮ್ಮ ಮನೀನ ನಾರತೈತ್ರಿ. ನಿಮ್ಮ ಮಗಳನ್ನ ಕೊಡೂ ಮುಂದ ಗೊತ್ತಿರಲಿಲ್ಲೇನು?"

"ಮನಿ ಮಾತಲ್ರಿ. ಇದರ ಮಾತ ಹೇಳಾಕತ್ತೀನಿ. ಉಗ್ಯಾಗ ಐತಿ."

ಹೀಗೆಂದವಳೇ ಅಮ್ಮ ಕೌದಿಯನ್ನು ತನ್ನ ತಲೆಯ ಮೇಲೆ ಎಳೆದುಕೊಂಡು ಮುಖವಾಡಕ್ಕೆ ಮುಖವಿಟ್ಟಳು. ನಾವೆಲ್ಲ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಕೌದಿ ಬಿಸುಟು ಎದ್ದಳು, ಎರಡು ಹೆಜ್ಜೆ ಓಲಾಡಿ, ಗೋಡೆ ಹಿಡಿದು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಬರುವಾಗ ಅವಳ ಮುಖ ಬಿಳಿಚಿತ್ತು. ಆಯಿ ತಾನೂ ಕೌದಿ ಹೊದ್ದು ಕೂತಳು. ಅವಳು ಬಹಳ ಹೊತ್ತು ಕೂತಳು. ಹೊರಗೆ ಬಂದಾಗ ಬೆವರಿನಲ್ಲಿ ಮುಖ ತೊಯ್ದಿತ್ತು, ಕಣ್ಣಲ್ಲಿ ಗೆಲುವಿತ್ತು.

"ನನಗೇನಾತು? ಏನೂ ಆಗಲಿಲ್ಲ. ಎದಿ ಹಗುರಾತು."

ಹೇಗೆ ಆದೀತು? ಸುಣ್ಣ ತಂಬಾಕು ತಿಕ್ಕಿ ದವಡೆಯಲ್ಲಿಟ್ಟುಕೊಂಡೇ ಮುದುಕಿಯಾದವಳು ಅವಳು. ಆದರೆ ಅಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಇಬ್ಬರು ಬೀಗತಿಯರೂ ಒಟ್ಟಿಗೆ ಅವ್ವನ ಕಡೆ ತಿರುಗಿದರು. ಇವಳು ತೆಲಸಂಗದವಳೂ ಹೌದು, ನಿಪ್ಪಾಣಿಯವಳೂ ಹೌದು, ಇವಳೇ ಹೇಳಲಿ ಎಂಬಂತೆ. ಅವ್ವ ಬೇಡ ಬೇಡವೆನ್ನುತ್ತ ಬಂದು ಮುಖವಿಟ್ಟಳು. ಕೌದಿಯ ಕೆಳಗೆ ಅವಳು ಜೋರಾಗಿ ಉಸಿರು ಎಳೆಯುವುದು ನಮಗೆ ಕೇಳುತ್ತಿತ್ತು, ಒಮ್ಮೆ, ಮತ್ತೊಮ್ಮೆ, ಏನನ್ನೋ ಹುಡುಕುವವಳಂತೆ. ಎದ್ದಾಗ ಅವಳು ಅಳುತ್ತಿದ್ದಳು.

"ತುಳಸಿ ಬಿಟ್ರ ನನಗ ಏನೂ ಬರವಲ್ದವ್ವಾ."

ಆಯಿ ಗೆದ್ದಳೆಂದುಕೊಂಡೆ. ಅಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು. ಹೀಗೆ ನೋಡುವವರನ್ನು ನಾನು ಆಮೇಲೆ ಆಸ್ಪತ್ರೆಯ ಬಾಗಿಲುಗಳಲ್ಲಿ ಕಂಡಿದ್ದೇನೆ. ಅವಳು ದನಿ ತಗ್ಗಿಸಿ ಆಯಿಯನ್ನು ಕೇಳಿದಳು.

"ಬೀಗತಿ, ಆ ಎಲಿ ಎದರಾಗ ಒಣಗಸ್ತೀರಿ?"

"ಸೂಪಿನ್ಯಾಗ."

"ಯಾವ ಸೂಪ್ರಿ?"

ಆಯಿ ಪಡಸಾಲೆಯತ್ತ ಕೈ ತೋರಿದಳು. ಅರ್ಧ ಕಟ್ಟಿದ ಬೀಡಿಗಳ ಜೊತೆ ಅದು ನೆಲದ ಮೇಲಿತ್ತು. ಅಮ್ಮ ಹೋಗಿ ಅದರ ಬಿದಿರಿನ ಸಂದಿಯಲ್ಲಿ ಬೆರಳು ಎಳೆದು ತಂದು, ಆ ಕಂದು ಬೆರಳನ್ನು ಬೀಗತಿಯ ಮುಂದೆ ಹಿಡಿದಳು.

"ನಾ ಕೊಡವಿ ಹಾಕ್ತೀನ್ರಿ. ದಿನಾ ಕೊಡವಿ ಹಾಕ್ತೀನಿ," ಎಂದಳು ಆಯಿ. ಆಮೇಲೆ ಅವಳು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ನನ್ನ ಕಡೆ ನೋಡಲಿಲ್ಲ. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಜಗಳವಾಗಲಿಲ್ಲ, ಯಾರೂ ಊಟವನ್ನೂ ಮಾಡಲಿಲ್ಲ. ಸಾಲೆಗೆ ಬೇಸಿಗೆಯ ಸೂಟಿ ಇತ್ತು, ಕೂಸನ್ನು ಸ್ವಲ್ಪ ದಿನ ಕರಕೊಂಡು ಹೋಗುತ್ತೇನೆ ಎಂದಳು ಅಮ್ಮ. ಆಯಿ ಬೇಡವೆನ್ನಲಿಲ್ಲ.

ತೆಲಸಂಗದಲ್ಲಿ ಗಾಳಿಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಅಮ್ಮನ ಮನೆಯ ಮುಂದೆ ನಿಂತರೆ ಕಣ್ಣು ಹಾಯುವವರೆಗೂ ಕೊಯ್ದ ಹೊಲ. ಅಲ್ಲಿ ನಾನು ಓಡಿದೆ. ಓಡಿದರೆ ಎಲ್ಲರಿಗೂ ಎದೆ ಸೀಟಿ ಹೊಡೆಯುತ್ತದೆ ಎಂದುಕೊಂಡಿದ್ದವಳು ನಾನು. ಹಾಗಲ್ಲವೆಂದು ಅಲ್ಲಿ ಗೊತ್ತಾಯಿತು. ಆಮೇಲೆ ಒಂದೊಂದಾಗಿ ವಾಸನೆಗಳು ಬಂದವು. ರೊಟ್ಟಿ ಸುಡುವಾಗ ಅಂಚು ಕರಿದಾಗುವ ವಾಸನೆ, ಆಡಿನ ಮರಿಯ ಮೈ, ಬಾವಿಯ ಹಗ್ಗ, ಅಮ್ಮನ ಕೂದಲ ಕುಸುಬಿ ಎಣ್ಣೆ. ನಾನು ಸಿಕ್ಕಿದ್ದನ್ನೆಲ್ಲ ಮೂಸಿ ನೋಡುವುದನ್ನು ಕಂಡು ಅಮ್ಮ ನಗುತ್ತಿದ್ದಳು. ಸುಖವಾಗಿದ್ದೆ, ಆದರೆ ಮಲಗುವಾಗ ಬೆನ್ನಿಗೆ ಆ ಗಡುಸು ಅಂಗೈ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ. ಸೂಟಿ ಮುಗಿದು ಅಪ್ಪ ಕರೆಯಲು ಬಂದಾಗ ಅವನಿಗಿಂತ ಮೊದಲೇ ಟೆಂಪೋ ಹತ್ತಿ ಕೂತೆ.

ನಿಪ್ಪಾಣಿಯ ಓಣಿಗೆ ಬಂದ ಕೂಡಲೇ ನನಗೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಹೀಗೂ ಒಂದು ವಾಸನೆ ಇರುತ್ತದೆಯೇ ಎಂದು ಗಾಬರಿಯಾದೆ. ಬಾಗಿಲಲ್ಲಿ ಆಯಿ ನಿಂತಿದ್ದಳು. ನಾನಿಲ್ಲದಾಗ ಹೊಸ ಸೂಪು ತಂದು ತುಳಸಿಗೆಂದೇ ಬೇರೆ ಇಟ್ಟಿದ್ದಳು, ಚೀಲಗಳನ್ನು ನಡುಮನೆಯಿಂದ ಪಡಸಾಲೆಗೆ ಎಳೆಸಿದ್ದಳು, ಕೈಯನ್ನು ಬೂದಿಯಲ್ಲಿ, ಸಾಬೂನಿನಲ್ಲಿ, ನಿಂಬೆ ಸಿಪ್ಪೆಯಲ್ಲಿ ತಿಕ್ಕಿ ತಿಕ್ಕಿ ಕೆಂಪಗೆ ಮಾಡಿಕೊಂಡಿದ್ದಳು. ಬಾಳಾ, ಎಂದರೆ ಮಗುವೇ, ಎನ್ನುತ್ತ ನನ್ನ ಗಲ್ಲ ಹಿಡಿದಳು. ಆ ಕೈಯ ವಾಸನೆ ಮೂಗಿಗೆ ಹೊಡೆದು ನನಗೆ ತಿಳಿಯುವ ಮೊದಲೇ ನನ್ನ ಮುಖ ಆ ಕಡೆ ತಿರುಗಿತ್ತು. ಆಯಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಅಂದಿನಿಂದ ಅವಳು ನನ್ನನ್ನು ಮುಟ್ಟಲಿಲ್ಲ. ಯಂತ್ರಕ್ಕೆ ಬರೀ ನೀರು ಹಾಕಿ ಅಪ್ಪ ಹಚ್ಚುತ್ತಿದ್ದ. ನನಗೆ ದಮ್ಮು ಹತ್ತಿದರೆ ಆಯಿ ಹೊಸ್ತಿಲ ಆಚೆ ಕೂತು, ಉಸರು ಬಂತೇನು, ಈಗ ಬಂತೇನು ಎಂದು ಕೇಳುತ್ತಿದ್ದಳು. ಒಳಗೆ ಬಾ ಎಂದು ನಾನು ಅತ್ತರೂ ಬರುತ್ತಿರಲಿಲ್ಲ. ಬೀಡಿ ಬಿಡು ಎಂದು ಅವಳಿಗೆ ಹೇಳುವವರು ಯಾರು? ಅಪ್ಪನ ಟೆಂಪೋ ಓಡಿದ ದಿನ ಓಡಿತು, ಇಲ್ಲದ ದಿನ ಇಲ್ಲ. ಒಲೆ ಉರಿಯುತ್ತಿದ್ದದ್ದು ಇವರಿಬ್ಬರ ಕೈಯಿಂದ. ಮಳೆಗಾಲ ಬಂತು. ಚೀಲಗಳು ತಂಪಿಗೆ ಹೆದರಿ ಮತ್ತೆ ನಡುಮನೆಗೆ ಬಂದವು. ನನ್ನ ಉಸಿರು ಮತ್ತೆ ಮೊದಲಿನ ಹಾಗೆ ಕಟ್ಟತೊಡಗಿತು, ಆದರೆ ಮೂಗು ಮಾತ್ರ ಮೊದಲಿನಂತೆ ಸಾಯಲಿಲ್ಲ, ವಾಸನೆ ಬರುತ್ತಲೇ ಇತ್ತು.

ಒಂದು ಸಂಜೆ ಆಯಿ ತಾನಾಗಿ ಒಳಗೆ ಬಂದು ನನ್ನ ಎದುರು ಕೂತಳು. ಬಲಗೈ ನನ್ನ ಮೂಗಿನ ಹತ್ತಿರ ತಂದಳು.

"ನಾರತೈತೇನ ಬಾಳಾ? ಖರೆ ಹೇಳು."

ನಾರುತ್ತಿತ್ತು. ಆದರೆ ಇಲ್ಲವೆಂದರೆ ಆ ಕೈ ನನ್ನ ಬೆನ್ನಿಗೆ ಬರುತ್ತದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಉಸಿರು ಬಿಗಿಹಿಡಿದು ಅವಳ ಮುಖ ನೋಡುತ್ತ ಹೇಳಿದೆ.

"ಇಲ್ಲ ಆಯಿ. ಏನೂ ಬರವಲ್ದು."

ಆಯಿಯ ಮುಖ ಅರಳುತ್ತದೆಂದು ಕಾದೆ. ಅದು ಸುಟ್ಟ ಎಲೆಯ ಹಾಗೆ ಮುದುಡಿತು.

"ಈಗ ಚೀಲದಾಗ ಕೈ ಹಾಕಿ ಬಂದೀನಲ್ಲವ್ವಾ. ತೊಳದಿಲ್ಲ ಸೈತ." ತೊಡೆಯ ಮೇಲೆ ಕೈ ಬಿಟ್ಟು ಕೂತಳು. "ನಿನ್ನ ಮೂಗೂ ಸತ್ತಿತಲ್ಲೇ."

ಆ ಮೇಲೆ ಅವಳು ಎದ್ದು ಅಪ್ಪನನ್ನು ಕರೆದಳು. ಮಗಳನ್ನು ತೆಲಸಂಗಕ್ಕೆ ಬಿಟ್ಟು ಬಾ, ಸಾಲಿ ಅಲ್ಲೇ ಹಚ್ಚು, ಇನ್ನ ಇಲ್ಲಿ ಇಡಾಕ ಬ್ಯಾಡ ಎಂದಳು. ಅವ್ವ ಕಣ್ಣೀರು ಒರೆಸಿಕೊಳ್ಳುತ್ತ ನನ್ನ ಅಂಗಿಗಳನ್ನು ಮಡಚತೊಡಗಿದಳು. ಅತ್ತೆ ಸೊಸೆ ಒಂದು ಮಾತಿಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಸುಳ್ಳು ಹೇಳಿದೆನೆಂದು ಚೀರಿದೆ, ನೆಲಕ್ಕೆ ಬಿದ್ದು ಹೊರಳಾಡಿದೆ. ಹೋಗಾಕ ಒಲ್ಲೆ ಅಂತ ಹಿಂಗ ಅಂತಾಳ ಎಂದಳು ಆಯಿ, ಯಾರ ಮುಖವನ್ನೂ ನೋಡದೆ.

ಬೆಳಗ್ಗೆ ಅಪ್ಪ ನನ್ನನ್ನು ಎತ್ತಿ ಟೆಂಪೋದಲ್ಲಿ ಕೂರಿಸಿದ. ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು, ಈ ಹುಡುಗಿಯ ಬಾಯಿ ಎಂಥದ್ದು ಎಂದು ಬೈದುಕೊಂಡಿರಬೇಕು. ಏಕೆಂದರೆ ಟೆಂಪೋ ಓಣಿ ದಾಟುವವರೆಗೂ ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದು ಒಂದೇ ಮಾತು ಕೂಗುತ್ತಿದ್ದೆ:

"ನಾರತೈತಿ ಆಯಿ! ನಿನ್ನ ಕೈ ಭಾಳ ನಾರತೈತಿ!"

ಆಯಿ ಆ ಕೈಯನ್ನೇ ಎತ್ತಿ ಬೀಸುತ್ತ ನಿಂತಿದ್ದಳು.